ಇಂಡಿ ಕಡೆ ಒಬ್ಬರ ಮನಿ ಹಿತ್ತಲದಾಗ ನವರಂಗ ಹಕ್ಕಿ ಬಂದೈತಿ, ನೋಡಾಕ ಹೋಗೂದು ಹ್ಯಾಂಗ?

ನವನಗರ_ಮಾಸ್ತರ

ಎಲ್ಲಾರಿಗೂ ನಮಸ್ಕಾರ್ರೀ. ನಾ ಬಾಗಲಕೋಟಿ ನವನಗರದಾಂವ, ಸಾಲಿ ಮಾಸ್ತರ, ಹಕ್ಕಿ ನೋಡೂ ಹುಚ್ಚ ಹತ್ತಿ ಮೂರು ವರ್ಷ ಆತು. ನಮ್ಮ ಕಡೆ ಹಿನ್ನೀರ ಐತಿ, ಹಂಗಾಗಿ ನೀರಿನ ಹಕ್ಕಿಗೇನೂ ಬರಾ ಇಲ್ಲ, ಹೆರಕಲ್ ಕಡೆ ಹೋದ್ರ ರಾಜಹಂಸ ನೋಡಬಹುದು, ಚಳಿಗಾಲದಾಗ ಪಟ್ಟೆತಲೆ ಹೆಬ್ಬಾತು ನೋಡಬಹುದು, ಯಾರ ಪರ್ಮಿಷನ್ನೂ ಬೇಕಾಗಿಲ್ಲ, ಗಾಡಿ ನಿಲ್ಸಿ ದಂಡಿಮ್ಯಾಲ ಕುಂತ್ರ ಮುಗೀತು. ಆದ್ರ ನವರಂಗ ಮಾತ್ರ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲರೀ. ದಾಂಡೇಲಿಗೆ ಒಮ್ಮೆ ಹೋಗಿದ್ದೆ, ದನಿ ಕೇಳಿಸ್ತು, ಹಕ್ಕಿ ಕಾಣಲಿಲ್ಲ.

ಈಗ ವಿಷಯ ಏನಪಾ ಅಂದ್ರ ನಮ್ಮ ಸಾಲಿ ಸಹೋದ್ಯೋಗಿ ಒಬ್ಬರ ಮಾವಾರ ಮನಿ ಇಂಡಿ ತಾಲೂಕಿನ ಒಂದ ಹಳ್ಯಾಗೈತಿ. ಹಳೇ ಮನಿ, ಹಿಂದ ದೊಡ್ಡ ಹಿತ್ತಲ, ನಾಕೈದು ಲಿಂಬಿ ಗಿಡ, ಬಚ್ಚಲ ನೀರ ಹರಿಯೂ ಕಡೆ ಬಾಳಿ ಗಿಡ. ಮೊನ್ನೆ ಅವರ ವೈನಿ ಮೊಬೈಲ್‌ನಾಗ ಒಂದ್ ಫೋಟೊ ಹೊಡದು ಕಳಿಸ್ಯಾರ, "ಇದ್ಯಾವ ಬಣ್ಣದ ಕೋಳಿಮರಿ, ನಾಕ ದಿನಾತು ಇಲ್ಲೇ ಕುಪ್ಪಳಸಾಕತ್ತೈತಿ" ಅಂತ. ಫೋಟೊ ಭಾಳ ಮಸುಕ ಐತಿ ಖರೆ, ಆದ್ರ ಹಸಿರು ಬೆನ್ನು, ಕಣ್ಣಿಗೆ ಕರೀ ಪಟ್ಟಿ, ಬಾಲದ ಬುಡಕ ಕೆಂಪು, ಬೇರೆ ಯಾವ್ದೂ ಆಗೂ ಛಾನ್ಸೇ ಇಲ್ಲ. ಫೋಟೊ ನೋಡಿದ್ದ ನನಗ ರಾತ್ರಿ ನಿದ್ದಿ ಬರಲಿಲ್ಲರೀ.

ಸಹೋದ್ಯೋಗಿ ಅಂತೂ "ಹೋಗ್ರಿ ಸರ, ನಮ್ಮ ಮನಿನ ಐತಿ ಅದು, ಫೋನ್ ಹಚ್ಚಿ ಹೇಳ್ತೀನಿ, ನಿಮ್ಮ ಕ್ಯಾಮೆರಾ ಮಂದಿನ್ನೂ ಕರ್ಕೊಂಡ ಹೋಗ್ರಿ, ಊಟ ಅಲ್ಲೇ ಮಾಡ್ರಿ" ಅಂದ್ರು. ಆದ್ರೂ ನನಗ ಯಾಕೋ ಒಂಥರಾ ಸಂಕೋಚ ಆಗಾಕತ್ತೈತಿ. ನಮ್ಮ ವಾಟ್ಸಾಪ್ ಗುಂಪಿನ್ಯಾಗ ಮೂವತ್ತರ ಮ್ಯಾಲ ಮಂದಿ ಅದಾರ, ಫೋಟೊ ಹಾಕಿದ ಕೂಡ್ಲೇ ಎಲ್ಲಾರೂ ಲೊಕೇಶನ್ ಲೊಕೇಶನ್ ಅನ್ನಾಕತ್ತಾರ. ಹಾಕಬೇಕೋ ಬ್ಯಾಡೋ? ಎಷ್ಟು ಮಂದಿ ಹೋದ್ರ ಛಲೋ? ಯಾವ ಹೊತ್ತಿಗೆ? ಅದು ಎಷ್ಟು ದಿನ ಇರಬಹುದು? ಬಾಗಲಕೋಟಿಯಿಂದ ಕೋರ್ತಿ-ಕೊಲ್ಹಾರ ಸೇತುವೆ ದಾಟಿ ವಿಜಾಪುರ ಮ್ಯಾಲ ಹಾದು ಹೋಗಬೇಕು, ಮೂರು ತಾಸಿನ ದಾರಿ, ಸುಮ್ನ ಹೋಗಿ ಅವರಿಗೂ ತ್ರಾಸು ಕೊಟ್ಟು ಹಕ್ಕಿನೂ ಓಡಿಸಿ ಬರೂದು ಬ್ಯಾಡ ಅಂತ ಕೇಳಾಕತ್ತೀನಿ. ತಿಳದಾವ್ರು ಹೇಳ್ರಿ.

ಖಾನಾಪುರ_ಕಾಡು

ಮಾಸ್ತರ, ಮೊದಲ ಅಭಿನಂದನೆ, ಫೋಟೊ ವಿವರ ಕೇಳಿದ್ರ ನವರಂಗನ ಅದು. ನಮ್ಮ ಖಾನಾಪುರ ಕಾಡಿನ ಕಡೆ ಮಳಿ ಹಿಡಿಯೂ ಮುಂದ ಇದರ ಸಿಳ್ಳು ಕೇಳಸ್ತೈತಿ, ಅಲ್ಲಿ ಗೂಡೂ ಕಟ್ತೈತಿ, ಆದ್ರ ಇಂಡಿ ಅಂಥಾ ಬಯಲಸೀಮಿಯೊಳಗ ಅಂದ್ರ ಅದು ಊರಿಗೆ ಬಂದದ್ದಲ್ಲ, ಹಾದಿಮ್ಯಾಲ ಇಳದದ್ದು. ಉತ್ತರದ ಕಡೆ, ಹಿಮಾಲಯದ ಬುಡ, ಮಧ್ಯಭಾರತದ ಕಾಡು, ಅಲ್ಲೆಲ್ಲಾ ಮಳಿಗಾಲದಾಗ ಮರಿ ಮಾಡಿ ಈ ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕ ಹೊಂಡ್ತಾವು, ತಮಿಳುನಾಡು ಕೇರಳ ಶ್ರೀಲಂಕಾ ಮಟಾ. ಹಾರೂದು ರಾತ್ರಿ ಹೊತ್ತಿನ್ಯಾಗ. ಬೆಳಕ ಹರಿಯೂ ಮುಂದ ಕೆಳಗ ಎಲ್ಲಿ ಒಂದೀಟು ನೆರಳು ಹಸಿ ಮಣ್ಣು ಕಾಣಸ್ತೈತೋ ಅಲ್ಲಿ ಇಳದು ಬಿಡ್ತಾವು. ಸುತ್ತ ತೊಗರಿ ಹೊಲ, ಜ್ವಾಳದ ಹೊಲ, ನಡುವ ಒಂದ್ ಹಿತ್ತಲ, ಲಿಂಬಿ ಗಿಡದ ನೆರಳು, ಬಚ್ಚಲ ನೀರಿಗೆ ಮೆತ್ತಗಾದ ನೆಲ, ಅದರಾಗ ಎರಿಹುಳ. ಅದಕ್ಕ ಅದು ದಾಂಡೇಲಿನ ಅನ್ನಸ್ತಿರಬೇಕು.

ಎಷ್ಟ ದಿನ ಇರ್ತೈತಿ ಅಂತ ಯಾರೂ ಹೇಳಾಕಾಗೂದಿಲ್ಲ. ಒಂದ ದಿನಕ್ಕ ಹೋಗಿದ್ದೂ ನೋಡೇನಿ, ಹತ್ತು ದಿನ ಇದ್ದದ್ದೂ ನೋಡೇನಿ. ಹಾರಿ ಬಂದ ಹಕ್ಕಿ ಮೈಯಾಗಿನ ಕೊಬ್ಬೆಲ್ಲಾ ಕರಗಿರ್ತೈತ್ರೀ, ಇಡೀ ಹಕ್ಕಿ ತೂಕ ಐವತ್ತು ಅರವತ್ತು ಗ್ರಾಮ, ಅಂದ್ರ ಒಂದ್ ಮೊಟ್ಟಿ ತೂಕ. ಅದು ಮತ್ತ ಹೊಟ್ಟಿ ತುಂಬಿಸ್ಕೊಂಡು ಕೊಬ್ಬು ಕೂಡ್ಸಿ ಮುಂದಿನ ಹಾದಿ ಹಿಡೀಬೇಕು. ನಾವು ಅದರ ಹಿಂದಿಂದ ತಿರಗಿ ಹತ್ತು ನಿಮಿಷಕ್ಕೊಮ್ಮೆ ಹಾರಿಸಿದ್ವಿ ಅಂದ್ರ ಅದು ತಿಂದದ್ದೂ ಅಲ್ಲೇ ಖರ್ಚು. ಅದಕ್ಕ ನಾ ಹೇಳೂದು, ಹಕ್ಕಿ ಹಿಂದ ನಡೀಬ್ಯಾಡ್ರಿ, ಒಂದ ಕಡೆ ಕುಂದರ್ರಿ. ನವರಂಗ ನೆಲದ ಮ್ಯಾಲ ತಿರಗೂ ಹಕ್ಕಿ, ಸುಮ್ನ ಕುಂತ್ರ ಅದ ನಿಮ್ಮ ಕಡೆ ಬರ್ತೈತಿ. ನಾ ಒಮ್ಮೆ ಗಿಡದ ಬುಡಕ ಕಂಬಳಿ ಹಾಸಿ ಕುಂತಿದ್ದೆ, ನಾಕು ಮಾರು ದೂರಕ್ಕ ಬಂದು ಎಲಿ ಕೆದರಿ ಹೋತು.

ಹೊತ್ತು ಅಂದ್ರ ಹೊತ್ತು ಹೊಂಡೂ ಮುಂದ, ಹೊತ್ತು ಮುಣಗೂ ಮುಂದ. ತಮಿಳಿನ್ಯಾಗ ಇದಕ್ಕ ಆರುಮಣಿ ಕುರುವಿ ಅಂತಾರ, ಆರು ಗಂಟೆ ಹಕ್ಕಿ. ಎರಡು ಸ್ವರದ ಸಿಳ್ಳು, ಮುಂಜಾನೆ ಆರರ ಸುತ್ತ, ಸಂಜಿ ಆರರ ಸುತ್ತ. ನಡು ಮಧ್ಯಾಹ್ನ ಹೋದ್ರ ನೆರಳಾಗ ಸುಮ್ನ ನಿಂತಿರ್ತೈತಿ, ಕಣ್ಣಮುಂದಿದ್ರೂ ಕಾಣಂಗಿಲ್ಲ.

ಫ್ಲಾಶ್ ಬ್ಯಾಡ, ಮೊಬೈಲ್‌ನಾಗ ಅದರ ದನಿ ಹಚ್ಚೂದಂತೂ ಬ್ಯಾಡವೇ ಬ್ಯಾಡ. ಈಬರ್ಡ್‌ನಾಗ (ಹಕ್ಕಿ ಕಂಡದ್ದನ್ನ ದಾಖಲ ಮಾಡೂ ಜಾಲತಾಣ) ಹಾಕೂದಿದ್ರ ಪರ್ಸನಲ್ ಲೊಕೇಶನ್ ಅಂತ ಹಾಕ್ರಿ, ಮನಿ ಮ್ಯಾಲ ಪಿನ್ ಚುಚ್ಚಬ್ಯಾಡ್ರಿ, ಊರ ಹೆಸರೂ ಬೇಕಾಗಿಲ್ಲ, ತಾಲೂಕಿನ ಮಟ್ಟಕ್ಕ ಇಟ್ರ ಸಾಕು. ಹಕ್ಕಿ ಹೋದಮ್ಯಾಲ ಹಾಕಿದ್ರೂ ದಾಖಲೆ ದಾಖಲೆನ, ತಡಾ ಆದ್ರ ಏನೂ ಹಾಳಾಗೂದಿಲ್ಲ.

ಲಾಂಗ್_ಲೆನ್ಸ್_ವಿಜಾಪುರ

ಸರ ಲೊಕೇಶನ್ ಪರ್ಸನಲ್ ಮೆಸೇಜ್ ಮಾಡ್ರಿ. ನಾವು ಐದು ಮಂದಿ ಇಲ್ಲೇ ವಿಜಾಪುರದಾಗ ಅದೀವಿ, ಇಂಡಿ ಅಂದ್ರ ನಮಗ ತಾಸಿನ ದಾರಿ. ಒಂದ್ ಅರ್ಧ ತಾಸು ಸಾಕು, ದನಿ ಹಚ್ಚಿದ್ರ ತಾನ ಬಯಲಿಗೆ ಬರ್ತೈತಿ, ಫೋಟೊ ಹೊಡಕೊಂಡು ವಾಪಸ್. ಮನಿಯವ್ರಿಗೆ ತ್ರಾಸ ಆಗತೈತಿ ಅಂದ್ರ ಕಂಪೌಂಡ್ ಹೊರಗ ರಸ್ತೆದಾಗ ನಿಂತ್ರೂ ನಡೀತೈತಿ, ರಸ್ತಾ ಎಲ್ಲಾರದೂ.

ಜಮಖಂಡಿ_ವೈನಿ

ನಾ ಹಕ್ಕಿ ನೋಡೂ ಪೈಕಿ ಅಲ್ಲ, ನಮ್ಮ ಮನೀಗೆ ಹಕ್ಕಿ ನೋಡಾಕ ಮಂದಿ ಬಂದಿದ್ರು, ಅದಕ್ಕ ಬರೀತೀನಿ. ಸ್ವಲ್ಪ ಉದ್ದ ಆಗತೈತಿ, ಓದ್ರಿ.

ಎರಡು ವರ್ಷದ ಹಿಂದ ಚಳಿಗಾಲದಾಗ ನಮ್ಮ ಹಿತ್ತಲಕ್ಕ ರಾಜಹಕ್ಕಿ ಬಂದಿತ್ತು, ಗಂಡು, ಹಾಲಿನಂಗ ಬೆಳ್ಳಗ, ಮೊಳಾ ಉದ್ದ ಬಾಲ, ತಲಿ ಕರೀದು. ದಿನಾ ನಮ್ಮ ಬಚ್ಚಲ ಕಾಲಿವಿ ಕಡೆ ಬಂದು ಪ್ಯಾರಲ ಗಿಡದಿಂದ ದಬಕ್ ಅಂತ ನೀರಿಗೆ ಬಿದ್ದು ಜಳಕಾ ಮಾಡಿ ಮತ್ತ ಟೊಂಗಿಗೆ ಹೋಗಿ ಕುಂದರತಿತ್ತು. ನಮ್ಮ ಮನಿಯವ್ರು ಖುಷಿಲೆ ಯಾರಿಗೋ ಫೋಟೊ ಕಳಿಸಿದ್ರು. ಮರುದಿನ ನಾಕು ಮಂದಿ ಬಂದ್ರು. ನಮ್ಮವ್ರು "ಬರ್ರಿ ಬರ್ರಿ, ನಿಮ್ಮ ಮನಿ ಇದ್ದಂಗ" ಅಂದ್ರು. ರವಿವಾರಕ್ಕ ಇಪ್ಪತ್ತರ ಮ್ಯಾಲ ಆದ್ರು.

ಈಗ ನೀವೇ ವಿಚಾರ ಮಾಡ್ರಿ. ನಮ್ಮದು ಹಳೇ ಮನಿ. ಬಚ್ಚಲ ಹಿತ್ತಲದಾಗ, ಪಾಯಖಾನಿ ಹಿತ್ತಲದಾಗ, ಭಾಂಡೆ ತಿಕ್ಕೂದು ಹಿತ್ತಲದಾಗ, ಅರವಿ ಒಣಹಾಕೂ ಹಗ್ಗ ಹಿತ್ತಲದಾಗ. ಈ ಕಡೆ ಹಳೇ ಮನಿ ಎಲ್ಲಾ ಹಂಗ. ಮುಂದಿನ ಪಡಸಾಲಿ ಗಂಡಸರದು ಬೀಗರದು, ಹಿತ್ತಲ ಹೆಣಮಕ್ಕಳದು. ಮತ್ತ ನಿಮ್ಮ ಹಕ್ಕಿ ಛಲೋ ಕಾಣೂ ಹೊತ್ತು ಯಾವ್ದು? ನಸಕಿನ್ಯಾಗ ಆರು ಗಂಟೆ. ನಾವು ಹಂಡ್ಯಾಗ ನೀರ ಕಾಸಿ ಜಳಕಾ ಮಾಡೂ ಹೊತ್ತು ಯಾವ್ದು? ಅದ ಆರು ಗಂಟೆ. ನಮ್ಮ ಅತ್ತಿಯವ್ರಿಗೆ ಮೊಣಕಾಲ ಬ್ಯಾನಿ, ಬೆಳಿಗ್ಗೆ ಎದ್ದ ಕೂಡ್ಲೇ ಹಿಂದ ಹೋಗಬೇಕು, ಕೋಲ ಹಿಡಕೊಂಡು ಬಾಗಲದಾಗ ಬಂದು ನೋಡಿದ್ರ ಹಿತ್ತಲ ತುಂಬ ಗಂಡಸರು, ತೋಳಿನಷ್ಟು ಉದ್ದ ಉದ್ದ ಲೆನ್ಸು. ಮುದುಕಿ ಏನೂ ಅನ್ನಲಿಲ್ಲ, ಒಳಗ ಬಂದು ಹೊರಸಿನ ಮ್ಯಾಲ ಕುಂತು ಒಂದೂವರಿ ತಾಸು ತಡಕೊಂಡ್ರು. ಅದನ್ನ ನೆನಸಿದ್ರ ಈಗೂ ನನಗ ಹೊಟ್ಟ್ಯಾಗ ಸಂಕಟ ಆಗತೈತಿ.

ಬಂದಾವ್ರು ಕೆಟ್ಟ ಮಂದಿ ಅಲ್ಲರೀ, ಎಲ್ಲಾ ಓದಿದಾವ್ರು, ಅಕ್ಕಾರ ಅಕ್ಕಾರ ಅಂತನ ಮಾತಾಡ್ತಿದ್ರು. ಆದ್ರ ಮೆಣಸಿನ ಅಗಿ ಹಾಕಿದ್ದ ಮಡಿ ತುಳದ್ರು. ಒಬ್ಬಾಂವ ಅಡ್ಡ ಬರ್ತೈತಿ ಅಂತ ಕರಿಬೇವಿನ ಟೊಂಗಿ ಮುರದಾ. ಒಂದ್ ವಾರದ ಮ್ಯಾಲ ನಮ್ಮ ತಂಗಿ ಮಗ ತೋರಿಸಿದಾ, ಯಾರೋ ಹಾಕಿದ ಫೋಟೊದಾಗ ಹಕ್ಕಿ ಹಿಂದ ನಾನು ಸೆರಗು ಕಟ್ಟಿ ಭಾಂಡೆ ತಿಕ್ಕೂದು ಕಾಣಸ್ತೈತಿ, ಕೆಳಗ ನಮ್ಮ ಓಣಿ ಹೆಸರ ಬರದಾರ. ಹಕ್ಕಿ ಹೋಗಿ ತಿಂಗಳಾದ್ರೂ ಬಾಗಲ ಬಡಿಯೂದು ನಿಲ್ಲಲಿಲ್ಲ.

ನಿಮ್ಮ ಪೈಕಿ ಯಾರನ್ನರ ಕೇಳಿದ್ರ "ಸರ ಹೂಂ ಅಂದಾರಲ್ಲ" ಅಂತಿದ್ರು. ನಮ್ಮ ಕಡೆ ಮನೀಗೆ ಬರ್ತೀನಿ ಅಂದಾವ್ರಿಗೆ ಯಾರ ಬ್ಯಾಡ ಅಂತಾರ? ಬಾಯಿಲೆ ಬ್ಯಾಡ ಅನ್ನಾಕ ಬರೂದಿಲ್ಲ ನಮಗ. ವೈರಿ ಬಂದ್ರೂ ನೀರ ಕೊಟ್ಟು ಕುಂದರ್ಸತೀವಿ. ಬಂದ ಇಪ್ಪತ್ತು ಮಂದಿಗೆ ನಾನು ಚಾ ಮಾಡೇನಿ, ಎರಡು ದಿನ ಉಪ್ಪಿಟ್ಟು ಮಾಡೇನಿ. ಅದಕ್ಕ ಮಾಸ್ತರ, ನಿಮ್ಮ ಸಹೋದ್ಯೋಗಿ ಹೂಂ ಅಂದದ್ದು ಲೆಕ್ಕಕ್ಕ ಹಿಡೀಬ್ಯಾಡ್ರಿ, ಅವರು ಆ ಮನಿ ಅಳಿಯಾ, ಅಳಿಯಾ ಹೇಳಿದ್ರ ಆ ಮನ್ಯಾಗ ಯಾರೂ ಇಲ್ಲ ಅನ್ನೂದಿಲ್ಲ. ಫೋಟೊ ಹೊಡದ ವೈನಿನ್ನ ಕೇಳ್ರಿ. ಬರಲೇನು ಅಂತ ಕೇಳಬ್ಯಾಡ್ರಿ, ಹೂಂ ಅಂತನ ಅಂತಾರ. "ವೈನಿ, ನಿಮ್ಮ ಹಿಂದಿನ ಕೆಲಸ ಎಲ್ಲಾ ಯಾವಾಗ ಮುಗೀತೈತಿ, ಯಾವ ಹೊತ್ತಿಗೆ ಬಂದ್ರ ನಿಮಗ ಅಡಚಣಿ ಆಗೂದಿಲ್ಲ" ಅಂತ ಕೇಳ್ರಿ.

ಹಂಗ ಕೇಳಿದಾವ್ರು ಒಬ್ಬರ ಬಂದಿದ್ರು, ಗೋಕಾಕ ಕಡೆಯಿಂದ ಒಬ್ಬ ಹಿರ್ಯಾರು. ಬಾಗಲಕ್ಕ ಬಂದು ನಮ್ಮ ಮನಿಯವ್ರ ಜೋಡಿ ಮಾತಾಡಿದಮ್ಯಾಲ ನನ್ನ ಕಡೆ ಹೊಳ್ಳಿ "ತಂಗೀ, ನಿನಗ ಯಾವ ಹೊತ್ತು ಅನುಕೂಲ" ಅಂದ್ರು. ಸಂಜಿ ಐದು ಅಂದೆ. ಐದಕ್ಕ ಬಂದು ಕಟ್ಟಿಮ್ಯಾಲ ಕುಂತು ದುರ್ಬೀನಿಲೆ ಅರ್ಧ ತಾಸು ನೋಡಿ, ನಮ್ಮ ಅತ್ತಿಯವ್ರಿಗೂ ದುರ್ಬೀನು ಕೊಟ್ಟು ತೋರಿಸಿ, ಎದ್ದು ಹೋದ್ರು. ಮನ್ಯಾಗ ಇಷ್ಟ ದಿನ ಹಕ್ಕಿ ಇದ್ರೂ ಅತ್ತಿಯವ್ರು ಅದನ್ನ ಛಂದಾಗಿ ನೋಡಿದ್ದು ಅವತ್ತ. ಅಂಥಾವ್ರು ನೂರು ಮಂದಿ ಬರ್ಲಿ, ನಾ ಚಾ ಮಾಡ್ತೀನಿ.

ಮತ್ತ ಆ ಲಾಂಗ್ ಲೆನ್ಸ್ ತಮ್ಮಾ, ರಸ್ತಾ ಎಲ್ಲಾರದೂ ಖರೆ. ಆದ್ರ ರಸ್ತಾದಾಗ ನಿಂತು ಗ್ವಾಡಿ ಮ್ಯಾಲಿಂದ ಲೆನ್ಸು ಒಳಗ ಹಾಕಿದ್ರ, ಒಳಗಿದ್ದ ಹೆಣಮಕ್ಕಳಿಗೆ ಅದು ಹಕ್ಕಿ ಕಡೆ ಐತೋ ತಮ್ಮ ಕಡೆ ಐತೋ ಹ್ಯಾಂಗ ಗೊತ್ತಾಗಬೇಕು?

ನವನಗರ_ಮಾಸ್ತರ

ವೈನಿಯವ್ರ, ನೀವು ಬರದದ್ದು ಎರಡು ಸರ್ತಿ ಓದಿದೆ. ನಮ್ಮ ಮನ್ಯಾಕಿಗೂ ಓದಿ ಹೇಳಿದೆ, ಆಕಿ "ಇದನ್ನ ನಿಮಗ ಬ್ಯಾರೆಯವ್ರು ಹೇಳಬೇಕಾತೇನು" ಅಂದ್ಲು. ಖರೆ ಐತಿ. ನಾ ಹಕ್ಕಿ ಯಾವ ಹೊತ್ತಿಗೆ ಕಾಣಸ್ತೈತಿ ಅಂತ ಕೇಳಿದ್ನ ಹೊರತು ಆ ಹೊತ್ತಿಗೆ ಆ ಮನ್ಯಾಗ ಏನ್ ನಡದಿರ್ತೈತಿ ಅಂತ ವಿಚಾರ ಮಾಡಿರಲಿಲ್ಲ. ಗುಂಪಿನ್ಯಾಗ ಲೊಕೇಶನ್ ಹಾಕೂದಿಲ್ಲ ಅಂತ ಬರದು ಹಾಕೇನಿ, ಇಬ್ರು ಸಿಟ್ಟಾಗ್ಯಾರ, ಆಗ್ಲಿ. ಇವತ್ತ ಸಂಜಿಮುಂದ ಸೀದಾ ಆ ವೈನಿಗೆ ಫೋನ್ ಹಚ್ತೀನಿ.

ಒಂದ್ ಮಾತು, ಹೋಗೂ ಮುಂದ ಏನರ ಒಯ್ಯಬೇಕೋ? ರೊಕ್ಕ ಕೊಡೂದು ಸರಿ ಅನ್ನಸೂದಿಲ್ಲ, ಬರಿಗೈಲೆ ಹೋಗೂದೂ ಸರಿ ಅಲ್ಲ.

ಖಾನಾಪುರ_ಕಾಡು

ರೊಕ್ಕ ಬ್ಯಾಡ್ರಿ, ರೊಕ್ಕ ಕೊಟ್ರ ನಾಳೆ ಹಕ್ಕಿಗೆ ಹುಳಾ ಹಾಕಿ ಕಟ್ಟಿ ಹಾಕಿದಂಗ ಮಾಡೂ ಆಶಾ ಹುಟ್ಟತೈತಿ, ಕೆಲವು ಕಡೆ ಹಂಗ ಆಗೇತಿ. ಹಣ್ಣು ಒಯ್ರಿ, ಮನ್ಯಾಗ ಸಣ್ಣ ಹುಡುಗ್ರು ಇದ್ರ ಅವರಿಗೆ ದುರ್ಬೀನು ಕೊಡ್ರಿ. ಮತ್ತ ದನಿ ಹಚ್ಚೂದು ಯಾಕ ಬ್ಯಾಡ ಅಂತ ಲಾಂಗ್ ಲೆನ್ಸ್ ಅವ್ರಿಗೆ ಹೇಳೂದು ಉಳೀತು. ಹಕ್ಕಿ ಆ ದನಿ ಕೇಳಿ ಹೊರಗ ಬರೂದು ನಿಮ್ಮ ಮ್ಯಾಲಿನ ಪ್ರೀತಿಗಲ್ಲ. ಇನ್ನೊಂದು ನವರಂಗ ತನ್ನ ಜಾಗಕ್ಕ ಬಂದೈತಿ ಅಂತ ಗಾಬರಿಯಾಗಿ ಬರ್ತೈತಿ. ಸಾವಿರ ಕಿಲೋಮೀಟರ್ ಹಾರಿ ದಣದ ಹಕ್ಕಿ ಉಣ್ಣೂದು ಬಿಟ್ಟು ಇಲ್ಲದ ವೈರಿ ಹುಡಕ್ಕೊಂತ ತಿರಗತೈತಿ, ಬಯಲಿಗೆ ಬಂದಾಗ ಕಾಗಿ ಬೆನ್ನು ಹತ್ತತಾವು. ಐದ ಮಂದಿ ಐದ ಸರ್ತಿ ಹಚ್ಚಿದ್ರ ಅದರ ದಿನ ಅಲ್ಲಿಗೆ ಮುಗೀತು.

ಲಿಂಬಿ_ಹೊಲ

ನಾನೂ ಇಂಡಿ ತಾಲೂಕಿನಾಂವ, ಲಿಂಬಿ ಬೆಳೀತೀನಿ. ಹಕ್ಕಿ ಬಗ್ಗೆ ಭಾಳ ಗೊತ್ತಿಲ್ಲ, ಹಿತ್ತಲದ ಬಗ್ಗೆ ಎರಡು ಮಾತು ಹೇಳ್ತೀನಿ ಮಾಸ್ತರ.

ಈಗ ದೀಪಾವಳಿ ಮುಂದ ಐತಿ. ಹಬ್ಬದ ಮುಂದ ನಮ್ಮ ಕಡೆ ಹಿತ್ತಲ ಎಲ್ಲಾ ಕಸಾ ಹೊಡದು ಉದುರಿದ ಎಲಿ ಕೂಡ್ಸಿ ಉರಿ ಹಚ್ಚತಾರ, ನೆಲಾ ಸಾರಿಸ್ತಾರ. ಆ ಹಕ್ಕಿ ಎಲಿ ಹೊಳ್ಳಿಸಿ ಹುಳಾ ತಿಂತೈತಿ ಅಂತ ನೀವೆಲ್ಲಾ ಹೇಳಾಕತ್ತೀರಿ, ಎಲಿನ ಇಲ್ಲ ಅಂದ್ರ ಅದಕ್ಕೇನ ಉಳೀತೈತಿ? ಹಿತ್ತಲ ಪೂರಾ ಬಿಡ್ರಿ ಅಂತ ಯಾರೂ ಹೇಳಬ್ಯಾಡ್ರಿ, ಹಬ್ಬ ಹಬ್ಬನ. ಬಾಳಿ ಗಿಡದ ಮೂಲಿ ಒಂದ ನಾಕು ದಿನ ಬಿಡ್ರಿ ಅಂತ ಕೇಳ್ರಿ. ಇನ್ನ ಲಿಂಬಿಗೆ ಎಣ್ಣಿ, ಅಂದ್ರ ಹುಳದ ಔಷಧಿ, ಹೊಡಿಯೂದು. ಮಳಿ ನಿಂತ ಮ್ಯಾಲ ಚಿಗುರಿಗೆ ಹುಳಾ ಬೀಳ್ತೈತಿ, ನಾವು ಎಣ್ಣಿ ಹೊಡೀತೀವಿ, ಅದು ಕೆಳಗ ಎಲಿಮ್ಯಾಲನೂ ಬೀಳ್ತೈತಿ. ಹಿತ್ತಲದಾಗಿನ ನಾಕ ಗಿಡಕ್ಕ ವಾರ ತಡಾ ಮಾಡಿದ್ರ ಲುಕ್ಸಾನ ಏನೂ ಇಲ್ಲ. ಬೆಕ್ಕು ಐತೇನು ಕೇಳ್ರಿ. ನೆಲದ ಮ್ಯಾಲ ಕುಪ್ಪಳಸೂ ಹಕ್ಕಿ ಅಂದ್ರ ಬೆಕ್ಕಿಗೆ ಜ್ವಾಳದ ರೊಟ್ಟಿ ಮುಂದ ಬೆಣ್ಣಿ ಇಟ್ಟಂಗ.

ಇನ್ನೊಂದು, ಊರಾಗ "ಇದು ಭಾಳ ಅಪರೂಪದ ಹಕ್ಕಿ, ದೂರದಿಂದ ಮಂದಿ ಬರಾಕತ್ತಾರ" ಅಂತ ದೊಡ್ಡದ ಮಾಡಬ್ಯಾಡ್ರಿ. ಅಪರೂಪ ಅಂದ ಕೂಡ್ಲೇ ಅದಕ್ಕ ರೊಕ್ಕ ಬರ್ತೈತಿ ಅಂತ ತಿಳಕೊಳ್ಳೂ ಹುಡುಗ್ರು ಇರ್ತಾರ, ಬಲಿ ಹಾಕಾಕ ನೋಡ್ತಾರ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಹಿಡಿಯೂದೂ ಸಾಕೂದೂ ಅಪರಾಧ ಅಂತ ಮನಿಯವ್ರಿಗೆ ಸಮಾಧಾನಲೆ ಹೇಳಿ ಇಡ್ರಿ, ಯಾರರ ಕೇಳಿದ್ರ ಅವರಿಗೆ ಹೇಳಾಕ ಬರ್ತೈತಿ.

ಲಾಂಗ್_ಲೆನ್ಸ್_ವಿಜಾಪುರ

ಅಕ್ಕಾರ, ನೀವು ಹೇಳಿದ್ದು ನನಗ ನಟ್ಟತು. ನಮ್ಮ ಮನಿನೂ ಹಂಗ ಐತಿ, ಹಿತ್ತಲದಾಗ ನಮ್ಮ ಅವ್ವ ಇರ್ತಾಳ. ಯಾವನರ ಅಲ್ಲಿ ಲೆನ್ಸು ಹಿಡದು ನಿಂತ್ರ ನಾ ಏನ್ ಮಾಡ್ತಿದ್ದೆ ಅಂತ ನೆನಸಿ ನೋಡಿದೆ. ಮಾಸ್ತರ, ಲೊಕೇಶನ್ ಬ್ಯಾಡ್ರಿ. ನೀವು ಹೋಗಿ ಬಂದು ಹೆಂಗಿತ್ತು ಬರೀರಿ ಸಾಕು. ನಾವು ಐದೂ ಮಂದಿ ಈ ರವಿವಾರ ಧೂಪದಾಳಕ್ಕ ಹೊಂಟೀವಿ, ಘಟಪ್ರಭಾ ಪಕ್ಷಿಧಾಮಕ್ಕ, ಅಲ್ಲಿ ಯಾರ ಹಿತ್ತಲನೂ ಇಲ್ಲ.

ನವನಗರ_ಮಾಸ್ತರ

ಹೋಗಿ ಬಂದೆ. ಬರಿಯಾಕ ಎರಡು ದಿನ ತಡಾ ಆತು, ಸಾಲ್ಯಾಗ ಪರೀಕ್ಷಾ ನಡದಾವು.

ವೈನಿಗೆ ಫೋನ್ ಹಚ್ಚಿ ಜಮಖಂಡಿ ವೈನಿಯವ್ರು ಹೇಳಿದಂಗ ಕೇಳಿದೆ. ಮೊದಲ "ಯಾವಾಗ ಬೇಕಾದ್ರ ಬರ್ರಿ" ಅಂದ್ರು. "ಹಂಗಲ್ಲರೀ, ನಿಮಗ ಹಿಂದ ಕೆಲಸ ಇಲ್ಲದ ಹೊತ್ತು ಹೇಳ್ರಿ" ಅಂದೆ. ಆ ಕಡೆ ಒಂದ್ ಸ್ವಲ್ಪ ಸುಮ್ನಾದ್ರು, ಆಮ್ಯಾಲ ದನಿನ ಬದಲಾತು, "ಮುಂಜಾನೆ ಬ್ಯಾಡ್ರಿ ಮಾಸ್ತರ, ನಾವು ನಾಕ ಮಂದಿ ಹೆಣಮಕ್ಕಳು ಅದೀವಿ. ಸಂಜಿ ಐದಕ್ಕ ಬರ್ರಿ, ಆರೂವರಿ ಮಟಾ ಹಿಂದ ಯಾರೂ ಬರೂದಿಲ್ಲ" ಅಂದ್ರು. ಮಂಗಳವಾರ ಅರ್ಧ ದಿನ ರಜಾ ಹಾಕಿ ನಾನೊಬ್ಬನ ಹೋದೆ. ಬಾಳಿಹಣ್ಣು, ಒಂದ್ ಕಿಲೋ ಸೇಬು. ಕ್ಯಾಮೆರಾ ಒಯ್ದಿದ್ದೆ, ದೊಡ್ಡ ಸ್ಟ್ಯಾಂಡ್ ಕಾರಿನ್ಯಾಗ ಬಿಟ್ಟೆ.

ಹಿತ್ತಲ ಬಾಗಲದ ಪಾವಟಿಗಿ ಮ್ಯಾಲ ಗೋಣಿಚೀಲ ಹಾಸಿ ಕುಂದರ್ಸಿದ್ರು. ಅವರ ಅವ್ವಾರು ನನ್ನ ಹಿಂದ ಬಾಗಲದ ಒಳಗ ಕುಂತ್ರು, ಎಂಬತ್ತರ ಹತ್ತಿರ ವಯಸ್ಸು. ಐದೂಕಾಲಿನ ಮಟಾ ಏನೂ ಇಲ್ಲ. ಒಂದ್ ಮೈನಾ ಜೋಡಿ, ಮೂರು ಹರಟಿಮಲ್ಲ, ಒಂದ್ ಅಳಿಲು. ಐದೂವರಿ ಆತು, ಸೊಳ್ಳಿ ಕಡಿಯಾಕ ಹತ್ತಿದ್ವು, ಕೈ ಅಲ್ಲಾಡಿಸಾಕೂ ಹೆದರಿಕಿ. ಐದೂ ನಲವತ್ತರ ಸುಮಾರು ಬಾಳಿ ಗಿಡದ ಹಿಂದ ಒಂದ್ ಒಣ ಎಲಿ ತಾನ ಮ್ಯಾಲ ಎದ್ದು ಮಗ್ಗಲಕ ಬಿತ್ತು. ಗಾಳಿ ಇರಲಿಲ್ಲ. ಇನ್ನೊಂದ್ ಎಲಿ ಎದ್ದು ಬಿತ್ತು. ಅವ್ವಾರು ಹಿಂದಿಂದ ನನ್ನ ಬೆನ್ನಿಗೆ ಬೆರಳಿಲೆ ಮೆಲ್ಲಕ ತಿವದು "ಬಂತು" ಅಂದ್ರು.

ಬಂತು. ಎರಡು ಕಾಲ ಜೋಡಿಸಿ ಕುಪ್ಪ ಕುಪ್ಪ ಅಂತ ಜಿಗಕೊಂತ ಬಚ್ಚಲ ಕಾಲಿವಿ ದಂಡಿಗೆ. ಬಾಲ ಅನ್ನೂದ ಇಲ್ಲ ಅದಕ್ಕ, ಮೋಟು, ಆ ಮೋಟನ್ನ ಮ್ಯಾಲ ಕೆಳಗ ಮ್ಯಾಲ ಕೆಳಗ ಮಾಡ್ತೈತಿ. ಹೆಗಲಿನ ಮ್ಯಾಲ ಒಂದ್ ನೀಲಿ ಮಚ್ಚಿ ಐತಲ್ಲ, ಫೋಟೊದಾಗ ನೋಡಿದ್ದ ನೀಲಿ ಬ್ಯಾರೆ, ಇದು ಬ್ಯಾರೆ. ಹೊತ್ತು ಮುಣಗೂ ಬೆಳಕ ಲಿಂಬಿ ಗಿಡದ ಸಂದಿನ್ಯಾಗಿಂದ ಬಿದ್ದ ಕೂಡ್ಲೇ ಇಳಕಲ್ ಸೀರಿ ಸೆರಗಿನ ರೇಶಿಮಿ ಹೊಳದಂಗ ಹೊಳೀತು, ನೆರಳಿಗೆ ಹೋದ್ರ ಆರಿ ಹೋತು. ಹಸಿ ಮಣ್ಣಾಗ ಚುಂಚ ಹಾಕಿ ಒಂದ್ ಎರಿಹುಳ ಹಿಡೀತು, ಹುಳ ಉದ್ದ, ಅರ್ಧ ಒಳಗ ಐತಿ, ಹಕ್ಕಿ ಹಿಂದಕ್ಕ ಜಗ್ಗಿ ಜಗ್ಗಿ, ಕೊನಿಗೆ ಬುಳಕ್ ಅಂತ ಬಂತು, ತಾನ ಹಿಂದಕ್ಕ ಜೋಲಿ ಹೋತು. ಅವ್ವಾರು ಬಾಯಿಗೆ ಸೆರಗ ಹಚ್ಚಿ ನಕ್ರು. ದುರ್ಬೀನು ಅವರ ಕೈಗೆ ಕೊಟ್ಟೆ. ಭಾಳ ಹೊತ್ತು ನೋಡಿ "ಕಣ್ಣಿಗೆ ಕಾಡಿಗಿ ಹಚ್ಚಕೊಂಡೈತಿ ನೋಡ" ಅಂದ್ರು.

ಬೆಕ್ಕು ಐತಿ, ಹೆಸರು ಕರಿಯಾ, ಅದನ್ನ ಒಂದ್ ವಾರದಿಂದ ಸಂಜಿಮುಂದ ಕ್ವಾಣ್ಯಾಗ ಕೂಡಿ ಹಾಕಾಕತ್ತಾರ, ನಾ ಹೇಳೂ ಮೊದಲ. ಲಿಂಬಿ ಎಣ್ಣಿ ವಿಷಯ ಅವರ ಯಜಮಾನ್ರಿಗೆ ಹೇಳಿದೆ, ಹಬ್ಬ ಆದಮ್ಯಾಲ ನೋಡೂಣು ಅಂದ್ರು.

ಸರಿಯಾಗಿ ಆರಕ್ಕ ಐದು ಕಮ್ಮಿ ಇತ್ತು, ಹಕ್ಕಿ ಲಿಂಬಿ ಗಿಡದ ಕೆಳಗಿನ ಟೊಂಗಿಗೆ ಹಾರಿ ತಲಿ ಹಿಂದಕ್ಕ ಚೆಲ್ಲಿ ಸಿಳ್ಳ ಹಾಕ್ತು. ಎರಡು ಸ್ವರ. ಮೂರು ಸರ್ತಿ. ದಾಂಡೇಲ್ಯಾಗ ಕೇಳಿದ್ದು ಅದ ದನಿ, ಅಲ್ಲಿ ಕಾಡಿನ್ಯಾಗ ಎಲ್ಲಿಂದ ಬಂತಂತ ತಿಳೀದಂಗ ಆಗಿತ್ತು, ಇಲ್ಲಿ ಅರವಿ ಹಗ್ಗದ ಬಾಜೂಕ. ಆಮ್ಯಾಲ ಕತ್ತಲದಾಗ ಕರಗಿ ಹೋತು. ನಾ ನಾಕ ಫೋಟೊ ಹೊಡದೇನಿ ಅಷ್ಟ, ಉಳದ ಹೊತ್ತೆಲ್ಲಾ ನೋಡಿದೆ. ಹಿಂದ ಮನಿ ಗ್ವಾಡಿ, ಅರವಿ ಕಾಣೂ ಎರಡು ಫೋಟೊ ಅಲ್ಲೇ ವೈನಿ ಮುಂದ ಅಳಿಸಿದೆ.

ಎದ್ದು ಬರ್ತೀನಿ ಅಂದ್ರ ಬಿಡಲಿಲ್ಲ, ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮನಿ ಮುಟ್ಟೂದ್ರಾಗ ರಾತ್ರಿ ಹನ್ನೊಂದಾಗಿತ್ತು.

ಇವತ್ತ ಮುಂಜಾನೆ ವೈನಿ ಫೋನ್ ಹಚ್ಚಿದ್ರು. "ನಿನ್ನಿ ಸಂಜಿಯಿಂದ ಕಾಣವಲ್ತು ಮಾಸ್ತರ, ದನಿನೂ ಇಲ್ಲ. ಅವ್ವಾರು ಇವತ್ತೂ ಐದಕ್ಕ ಬಂದು ಬಾಗಲದಾಗ ಕುಂದರ್ತೀನಿ ಅನ್ನಾಕತ್ತಾರ. ಆ ಮೂಲಿ ಕಸಾ ಇನ್ನೂ ಹೊಡದಿಲ್ಲ ನಾವು" ಅಂದ್ರು.

ಖಾನಾಪುರ_ಕಾಡು

ಹೊಟ್ಟಿ ತುಂಬಿತ್ತು, ಹೋತು. ಎರಡು ದಿನ ರಾತ್ರಿ ಆಕಾಶ ನಿಚ್ಚಳ ಐತಿ. ಈಬರ್ಡ್‌ನಾಗ ಈಗ ಹಾಕ್ರಿ ಮಾಸ್ತರ, ಎರಿಹುಳದ ಮಾತೂ ಟಿಪ್ಪಣಿದಾಗ ಬರೀರಿ. ಬ್ಯಾಸಿಗ್ಯಾಗ ಹೊಳ್ಳಿ ಉತ್ತರಕ್ಕ ಹೋಗೂ ಮುಂದ ಒಮ್ಮೆ ಕಿವಿ ಇಟ್ಟಿರಾಕ ಆ ವೈನಿಗೆ ಹೇಳ್ರಿ.

ಜಮಖಂಡಿ_ವೈನಿ

ಮಾಸ್ತರ, ಒಂದ ಫೋಟೊ ಪ್ರಿಂಟ್ ಹಾಕ್ಸಿ ಕೊಡ್ರಿ. ಮೊಬೈಲ್‌ನಾಗ ಕಳಿಸಿದ್ರ ಅವ್ವಾರಿಗೆ ಕಾಣಂಗಿಲ್ಲ. ಆ ಗೋಕಾಕದ ಹಿರ್ಯಾರು ಕಳಿಸಿದ್ದು ನಮ್ಮ ಅತ್ತಿಯವ್ರು ದೇವರ ಜಗಲಿ ಬಾಜೂಕ ಹಚ್ಯಾರ.

ನವನಗರ_ಮಾಸ್ತರ

ನಿನ್ನೆನ ಪ್ರಿಂಟ್ ಹಾಕಾಕ ಕೊಟ್ಟು ಬಂದೀನ್ರೀ ವೈನಿಯವ್ರ, ದೊಡ್ಡ ಸೈಜಿನ್ಯಾಗ, ಕಾಜಿನ ಫ್ರೇಮ್ ಹಾಕಾಕ ಹೇಳಿ. ಕಾಡಿಗಿ ಕಣ್ಣು ಛಲೋ ಕಾಣೂದು ಆರಿಸೇನಿ. ರವಿವಾರ ಸಹೋದ್ಯೋಗಿ ಊರಿಗೆ ಹೊಂಟಾರ, ಅವರ ಕೈಲೆ ಕಳಿಸ್ತೀನಿ.